ಬೀರುವಿನ ಬೆನ್ನ ಹಿಂದಿನ ಗೋಡೆ

ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ, ಬೀರುವಿಗೆ ಬೂಷ್ಟು ಹಿಡಿದದ್ದು ಗೊತ್ತಾಗುವುದು ಸಾಮಾನ್ಯವಾಗಿ ಹಬ್ಬದ ಮುನ್ನಾದಿನ. ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ ಎಂದು ಒಂದರ ಬೆನ್ನಿಗೆ ಒಂದು ಮಳೆ ಸುರಿದು ಹೋಗುವ ಎರಡು ತಿಂಗಳು ರೇಷ್ಮೆ ಸೀರೆಯ ತಂಟೆಗೆ ಯಾರೂ ಹೋಗಿರುವುದಿಲ್ಲ. ವರಮಹಾಲಕ್ಷ್ಮಿಗೋ ಗೌರಿ ಹಬ್ಬಕ್ಕೋ ಉಡೋಣವೆಂದು ಬಾಗಿಲು ತೆಗೆದರೆ ಮೊದಲು ಮೂಗಿಗೆ ಮುಗ್ಗಲು ವಾಸನೆ. ಕೆಳಗಿನ ಅರೆಯಲ್ಲಿದ್ದ ಸೀರೆಯ ಮಡಿಕೆಯ ಅಂಚಿನುದ್ದಕ್ಕೂ ಬೂದು ಬಣ್ಣದ ಚುಕ್ಕೆಗಳು. ಚರ್ಮದ ಬೆಲ್ಟಿನ ಮೇಲೆ ಹಸಿರು ಹುಡಿ. ಮದುವೆ ಆಲ್ಬಮ್ಮಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಎಲ್ಲಕ್ಕಿಂತ ಹಿಂದೆ, ಬೀರುವಿನ ಬೆನ್ನುಹಲಗೆಯ ಕೆಳಮೂಲೆಯಲ್ಲಿ, ಅಂಗೈ ಅಗಲದ ಕಪ್ಪು ಕಲೆ.

ಆಗ ಮನೆಯಲ್ಲಿ ಮೊದಲು ಮಾತು ಕೇಳಿಸಿಕೊಳ್ಳುವವಳು ಹೆಂಗಸು. ‘ಆಗಾಗ ತೆಗೆದು ಬಿಸಿಲಿಗೆ ಹಾಕಬಾರದಿತ್ತೇ’, ‘ಒಂದು ನುಸಿಗುಳಿಗೆ ಇಡಲಿಕ್ಕೆ ಏನಾಗಿತ್ತು’. ಜುಲೈ ತಿಂಗಳಲ್ಲಿ ತೀರ್ಥಹಳ್ಳಿಯಲ್ಲಿ, ಸಿದ್ದಾಪುರದಲ್ಲಿ, ಮಡಿಕೇರಿಯಲ್ಲಿ ಬಿಸಿಲು ಎಲ್ಲಿಂದ ತರುವುದು ಎಂದು ಕೇಳುವವರಿಲ್ಲ. ಬೂಷ್ಟನ್ನು ನಾವು ಇವತ್ತಿಗೂ ಕೊಳೆಯ ಲೆಕ್ಕದಲ್ಲಿ, ಆಲಸ್ಯದ ಲೆಕ್ಕದಲ್ಲಿ ನೋಡುತ್ತೇವೆ. ಅದು ನೀರಿನ ಲೆಕ್ಕ. ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ತಪ್ಪು ಇರುವುದು ಬಟ್ಟೆ ಮಡಿಸಿಟ್ಟ ಕೈಯಲ್ಲಲ್ಲ, ಬೀರುವಿನ ಬೆನ್ನ ಹಿಂದಿರುವ ಗೋಡೆಯಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ. ಆ ಗೋಡೆಯನ್ನು ಕಟ್ಟಿದವರನ್ನು ಯಾರೂ ಬೈಯುವುದಿಲ್ಲ.

ಬೂಷ್ಟಿನ ಬೀಜ ಹೊರಗಿನಿಂದ ಹೊಸದಾಗಿ ಬರಬೇಕಾಗಿಲ್ಲ. ಆಸ್ಪರ್ಜಿಲಸ್, ಪೆನಿಸಿಲಿಯಮ್, ಕ್ಲಾಡೋಸ್ಪೋರಿಯಮ್ ಜಾತಿಯ ಶಿಲೀಂಧ್ರಗಳ ಬೀಜಕಣಗಳು ನಾವು ಉಸಿರಾಡುವ ಗಾಳಿಯಲ್ಲಿ ವರ್ಷವಿಡೀ ಇರುತ್ತವೆ. ಒಂದೊಂದೂ ಕೆಲವೇ ಮೈಕ್ರಾನ್ ಗಾತ್ರದ್ದು, ಕಣ್ಣಿಗೆ ಕಾಣುವಂಥದ್ದಲ್ಲ. ಅವುಗಳಿಗೆ ಊಟವೂ ಬೀರುವಿನಲ್ಲಿ ಧಾರಾಳವಾಗಿದೆ: ಹತ್ತಿಯ ನಾರು, ಪ್ಲೈವುಡ್ಡಿನ ಮರ, ರಟ್ಟು, ಸೀರೆಗೆ ಹಾಕಿದ ಗಂಜಿ, ನಮ್ಮ ಮೈಯಿಂದ ಉದುರಿದ ಚರ್ಮದ ಹುಡಿ, ಬರೀ ದೂಳು. ಹಿತವಾದ ಶಾಖವೂ ಇದೆ. ಇಲ್ಲದಿರುವುದು ಒಂದೇ, ನೀರು. ಅದು ಸಿಕ್ಕ ಒಂದೆರಡು ದಿನದೊಳಗೆ ಬೀಜ ಮೊಳೆತು ಎಳೆ ಬಿಡುತ್ತದೆ. ಆದ್ದರಿಂದ ಬೂಷ್ಟಿನ ವಿರುದ್ಧದ ಕೆಲಸವೆಲ್ಲ ಕೊನೆಗೆ ನೀರಿನ ಮೂಲ ಹುಡುಕುವ ಕೆಲಸ. ಸೋಪು, ಸ್ಪಿರಿಟ್ಟು, ಕರ್ಪೂರ ಎಲ್ಲ ಆಮೇಲಿನ ಮಾತು.

ಎಷ್ಟು ನೀರು ಸಾಕು? ಸುರಿಯಬೇಕಾಗಿಲ್ಲ, ಒದ್ದೆ ಕಾಣಬೇಕೆಂದೂ ಇಲ್ಲ. ಗಾಳಿಯ ಸಾಪೇಕ್ಷ ತೇವಾಂಶ, ಅಂದರೆ ಆ ಶಾಖದಲ್ಲಿ ಗಾಳಿ ಹೊರಬಲ್ಲ ನೀರಾವಿಯಲ್ಲಿ ಎಷ್ಟು ಪಾಲನ್ನು ಈಗ ಹೊತ್ತಿದೆ ಎಂಬುದು, ಶೇಕಡಾ 75–80ನ್ನು ದಾಟಿ ಕೆಲವು ದಿನ ಹಾಗೆಯೇ ನಿಂತರೆ ಬಟ್ಟೆಯ ಮೇಲೆ, ಮರದ ಮೇಲೆ ಬೂಷ್ಟು ಬೆಳೆಯತೊಡಗುತ್ತದೆ. 60ರ ಕೆಳಗಿದ್ದರೆ ಚಿಂತೆಯಿಲ್ಲ. ಇದನ್ನು ಅಳೆಯುವ ಪುಟ್ಟ ಡಿಜಿಟಲ್ ಮಾಪಕಗಳು ಈಗ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಮಳೆನಾಡಿನ ಪ್ರತಿ ಮನೆಯಲ್ಲಿ ಗೋಡೆ ಗಡಿಯಾರದ ಪಕ್ಕ ಇದೂ ಒಂದು ಇರಬೇಕು. ಅದು ಸರಿಯಾಗಿ ಅಳೆಯುತ್ತದೆಯೇ ಎಂದು ನೋಡಲು ಅಡುಗೆಮನೆಯ ಉಪ್ಪೇ ಸಾಕು. ಒಂದು ಬಾಟಲಿ ಮುಚ್ಚಳದ ತುಂಬ ಪುಡಿ ಉಪ್ಪು ಹಾಕಿ, ಕರಗದಂತೆ ಬರೀ ಹಸಿಯಾಗುವಷ್ಟು ನಾಲ್ಕು ಹನಿ ನೀರು ಬಿಟ್ಟು, ಮಾಪಕದ ಜೊತೆ ಒಂದು ಬಿಗಿ ಡಬ್ಬಿಯಲ್ಲಿ ಮುಚ್ಚಿಡಿ. ಎಂಟು ಹತ್ತು ಗಂಟೆ ಕಳೆದ ಮೇಲೆ ಮಾಪಕ 75 ತೋರಿಸಬೇಕು. ಸೋಡಿಯಂ ಕ್ಲೋರೈಡಿನ ಗುಣವೇ ಅದು. ಹಸಿ ಉಪ್ಪು ತನ್ನ ಸುತ್ತಲ ಗಾಳಿಯನ್ನು 75ರ ಹತ್ತಿರಕ್ಕೆ ತಂದು ನಿಲ್ಲಿಸುತ್ತದೆ. ಸುತ್ತಲ ಗಾಳಿ ಆ ಗಡಿ ದಾಟಿದಾಗ ಒಣ ಉಪ್ಪು ತಾನೇ ನೀರೊಡೆಯುತ್ತದೆ. ಪುಡಿ ಉಪ್ಪಿನ ಡಬ್ಬಿ ಬೆವರಿದರೆ ಮನೆಯ ಗಾಳಿ ಬೂಷ್ಟಿನ ಸೀಮೆಗೆ ಕಾಲಿಟ್ಟಿದೆ ಎಂದೇ ತಿಳಿಯಬಹುದು. ಕಲ್ಲುಪ್ಪು ಈ ವಿಷಯದಲ್ಲಿ ನಂಬಿಕಸ್ತನಲ್ಲ. ಅದರಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡ್ ಇನ್ನೂ ಬೇಗ ನೀರು ಕುಡಿಯುತ್ತದೆ.

ಈಗ ಗೋಡೆಯ ಮಾತು. ಮಲಗುವ ಕೋಣೆಯ ಗಾಳಿ 26 ಡಿಗ್ರಿ ಶಾಖದಲ್ಲಿ ಶೇಕಡಾ 80 ತೇವ ಹೊತ್ತಿದೆ ಎಂದಿಟ್ಟುಕೊಳ್ಳಿ. ಅಂಥ ಗಾಳಿಯ ಪ್ರತಿ ಘನಮೀಟರಿನಲ್ಲಿ ಸುಮಾರು ಹತ್ತೊಂಬತ್ತೂವರೆ ಗ್ರಾಂ ನೀರು ಆವಿಯಾಗಿ ತೇಲುತ್ತಿದೆ. ಪಡುವಣ ಮಳೆಗೆ ಮೈಯೊಡ್ಡಿ ತೊಯ್ದ ಹೊರಗೋಡೆಯ ಒಳಮೈ 23 ಡಿಗ್ರಿಗೆ ಇಳಿದಿದೆ. 23 ಡಿಗ್ರಿಯ ಗಾಳಿ ಹೊರಬಲ್ಲದ್ದೇ ಇಪ್ಪತ್ತೂವರೆ ಗ್ರಾಂ ಚಿಲ್ಲರೆ. ಆದ್ದರಿಂದ ಕೋಣೆಯ ನಡುವೆ 80 ಇರುವ ತೇವ ಗೋಡೆಗೆ ಅಂಟಿದ ಬೆರಳಗಲ ಜಾಗದಲ್ಲಿ 95 ಆಗುತ್ತದೆ. ಬರೀ ಗೋಡೆಯಾದರೆ ಫ್ಯಾನಿನ ಗಾಳಿ ಅಲ್ಲಿಗೂ ಬೀಸಿ ಒಣಗಿಸೀತು. ನಾವು ಆ ಗೋಡೆಗೇ ಬೀರುವನ್ನು ಒತ್ತಿ ನಿಲ್ಲಿಸಿರುತ್ತೇವೆ. ಬೀರುವಿನ ಒಳಗೆ ಬೆನ್ನಿಗೆ ತಾಗುವಂತೆ ಕಂಬಳಿ, ರಜಾಯಿ, ಸೀರೆ ಕಿಕ್ಕಿರಿದಿರುತ್ತವೆ. ಬೆಚ್ಚನೆ ಗಾಳಿ ಗೋಡೆಗೆ ತಲುಪದಂತೆ ಅಡ್ಡ ನಿಲ್ಲುವ ಬಟ್ಟೆಯ ರಾಶಿ ಅದನ್ನು ಇನ್ನಷ್ಟು ತಣ್ಣಗಿಡುತ್ತದೆ. ಆವಿ ಮಾತ್ರ ಬಟ್ಟೆಯ ಸಂದಿಗೊಂದಿಯಲ್ಲಿ ನುಸುಳಿ ಹೋಗುತ್ತದೆ. ಕಪ್ಪು ಕಲೆ ಸದಾ ಕೆಳಮೂಲೆಯಲ್ಲಿ, ಹಿಂಬದಿಯಲ್ಲಿ ಮೊದಲು ಮೂಡುವುದು ಇದಕ್ಕೇ.

ಹೊಸ ಮನೆಗಳ ಗೋಡೆ ಬೀರುವಿನ ಪಾಡು ಇದಕ್ಕಿಂತ ಕಷ್ಟ. ಕೋಣೆಯ ಜಾಗ ಉಳಿಸಲೆಂದು ಒಂಬತ್ತು ಇಂಚಿನ ಹೊರಗೋಡೆಯನ್ನು ಆ ಭಾಗದಲ್ಲಿ ಮಾತ್ರ ನಾಲ್ಕೂವರೆ ಇಂಚಿಗೆ ಇಳಿಸಿ, ಆ ಗೂಡಿನೊಳಗೆ ವಾರ್ಡ್‌ರೋಬ್ ಕೂರಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಇಡೀ ಮನೆಯಲ್ಲಿ ಅತ್ಯಂತ ತೆಳುವಾದ, ಮಳೆಗೆ ಅತ್ಯಂತ ಬೇಗ ತೋಯುವ ಗೋಡೆಗೆ ನಮ್ಮ ಅತ್ಯಂತ ಬೆಲೆಯುಳ್ಳ ಬಟ್ಟೆಗಳನ್ನು ಒರಗಿಸುತ್ತೇವೆ. ಇನ್ನೊಂದು ರೂಢಿ, ಬಚ್ಚಲುಮನೆಗೂ ಮಲಗುವ ಕೋಣೆಗೂ ನಡುವಿನ ಗೋಡೆಗೆ ಬೀರು ಕಟ್ಟುವುದು. ಟೈಲ್ಸ್ ಸಂದಿಯ ಗ್ರೌಟ್ ಸವೆದರೆ, ಗೋಡೆಯೊಳಗಿನ ಪೈಪಿನ ಒಂದು ಬೆಸುಗೆ ಸಡಿಲವಾದರೆ, ನೀರು ಬಚ್ಚಲಿನಲ್ಲಿ ಕಾಣುವ ಮೊದಲು ಬೀರುವಿನ ಬೆನ್ನಿಗೆ ಬರುತ್ತದೆ. ಶಿವಮೊಗ್ಗ ಜಿಲ್ಲೆಯ ಒಂದು ಮನೆಯಲ್ಲಿ ಅಂಥ ಬೀರುವಿನ ಬೆನ್ನುಹಲಗೆ ಬಿಚ್ಚಿದಾಗ ನಾನು ಪಕ್ಕದಲ್ಲಿದ್ದೆ. ಮುಂಭಾಗದ ಲ್ಯಾಮಿನೇಟ್ ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಗೋಡೆಯ ಕಡೆಗಿನ ಪ್ಲೈವುಡ್ ಪದರ ಪದರವಾಗಿ ಬಿಟ್ಟುಕೊಂಡು, ಬೆರಳಿಟ್ಟರೆ ಒಳಕ್ಕೆ ಹೋಗುತ್ತಿತ್ತು. ಬಡಗಿ ಬ್ಯಾಟರಿ ಹಿಡಿದು ಮೇಲಿನಿಂದ ಕೆಳಕ್ಕೆ ತೋರಿಸಿದ. ಕಲೆ ಷವರಿನ ನಲ್ಲಿ ಇರುವ ಎತ್ತರದಲ್ಲಿ ಬೆರಳಗಲ ಶುರುವಾಗಿ ಕೆಳಗಿಳಿಯುತ್ತ ಅಗಲವಾಗಿ, ನೆಲದ ಹತ್ತಿರ ಬೀರುವಿನ ಇಡೀ ಬೆನ್ನನ್ನು ಆವರಿಸಿತ್ತು. ಆ ಮನೆಯಾಕೆ ಪ್ರತಿ ಮಳೆಗಾಲ ಆ ಬೀರುವನ್ನು ಒರೆಸುತ್ತ, ಕರ್ಪೂರ ಇಡುತ್ತ, ಮಾತು ಕೇಳುತ್ತ ಬಂದಿದ್ದರು.

ಹಿಂದಿನವರಿಗೆ ಬೂಷ್ಟು ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಬೆಂಗಳೂರಿನ ಏಳು ಪಟ್ಟು. ಅಂಥ ಕಡೆ ಉಪ್ಪಿನಕಾಯಿಯಿಂದ ಹಿಡಿದು ಚಪ್ಪಲಿಯವರೆಗೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತಿತ್ತು. ಆದರೆ ಅವರ ಮನೆ ನೀರಿನ ಜೊತೆ ಬದುಕುವ ದಾರಿ ಕಂಡುಕೊಂಡಿತ್ತು. ಮಳೆ ಹಿಡಿಯುವ ಮೊದಲು ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿಯನ್ನೋ ತೆಂಗಿನ ಮಡಲನ್ನೋ ಕಟ್ಟುತ್ತಿದ್ದರು. ಮಳೆ ತಟ್ಟಿಗೆ ಬಡಿದು ಇಳಿಯುತ್ತಿತ್ತು, ಮಣ್ಣಿನ ಗೋಡೆ ಒಣಗಿರುತ್ತಿತ್ತು. ಹಂಚಿನ ಮಾಡಿನ ಸಂದಿಗಳಿಂದ ಗಾಳಿ ಆಡುತ್ತಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹಂಚು ಕರಾವಳಿ, ಮಲೆನಾಡಿನ ಉದ್ದಗಲಕ್ಕೂ ಹಬ್ಬಿತು. ಅದರಡಿಯ ಅಟ್ಟಕ್ಕೆ ಅಡುಗೆ ಒಲೆಯ, ಬಚ್ಚಲೊಲೆಯ ಹೊಗೆ ಶಾಖ ಏರುತ್ತಿತ್ತು. ಬಚ್ಚಲೊಲೆಯ ಮೇಲಿನ ಗಳದಲ್ಲಿ ಒದ್ದೆ ಬಟ್ಟೆ, ಕೆಂಡದ ಮೇಲೆ ಕವುಚಿದ ಬುಟ್ಟಿಯ ಬೆನ್ನಿಗೆ ಕೂಸಿನ ಬಟ್ಟೆ ಒಣಗುತ್ತಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ಬಟ್ಟೆಯೇ ಕಡಿಮೆ ಇತ್ತು. ಪೆಟ್ಟಿಗೆಯಲ್ಲಿ ಗಾಳಿಗೆ ಜಾಗವಿತ್ತು.

ನಾವು ಒಲೆಯ ಹೊಗೆ ಬಿಟ್ಟದ್ದು ಒಳ್ಳೆಯದೇ ಆಯಿತು. ಆ ಹೊಗೆ ಹೆಂಗಸರ ಕಣ್ಣು, ಶ್ವಾಸಕೋಶ ತಿಂದಿತ್ತು. ಆದರೆ ಹೊಗೆಯ ಜೊತೆ ಶಾಖವೂ ಹೋಯಿತು, ಅದರ ಜಾಗಕ್ಕೆ ಬೇರೇನನ್ನೂ ತರಲಿಲ್ಲ. ಹಂಚಿನ ಬದಲು ತಾರಸಿ ಬಂತು. ಸುಣ್ಣದ ಗಾರೆ ನೀರು ಹೀರಿದರೂ ಬಿಸಿಲಿಗೆ ಅದನ್ನು ಹೊರಗೆ ಬಿಡುತ್ತಿತ್ತು. ಈಗ ಮುರಕಲ್ಲಿನ ಗೋಡೆಗೆ ಸಿಮೆಂಟು ಮೆತ್ತಿ, ಪುಟ್ಟಿ ಹಾಕಿ, ಪ್ಲಾಸ್ಟಿಕ್ಕಿನಂಥ ಪೇಂಟು ಬಳಿಯುತ್ತೇವೆ. ಹೊರಗೆ ಬಿರುಕಿನಲ್ಲಿ ಒಳಹೊಕ್ಕ ನೀರಿಗೆ ಒಳಗೆ ಬಂದು ಒಣಗುವ ದಾರಿ ಮುಚ್ಚಿಹೋಗಿ, ಪೇಂಟು ಗುಳ್ಳೆ ಗುಳ್ಳೆಯಾಗಿ ಏಳುತ್ತದೆ. ಹೊಸ ಮನೆಯಲ್ಲಂತೂ ಕಾಂಕ್ರೀಟಿಗೆ, ಗಾರೆಗೆ, ಕ್ಯೂರಿಂಗಿಗೆ ಹಾಕಿದ ಸಾವಿರಾರು ಲೀಟರ್ ನೀರು ಇನ್ನೂ ಗೋಡೆಯೊಳಗೇ ಇರುತ್ತದೆ. ಕಾಂಕ್ರೀಟ್ ಒಣಗಲು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಕಟ್ಟಡದವರ ಅಂದಾಜು. ನಾವು ಮುಹೂರ್ತ ಹಿಡಿದು, ಗಾರೆಯ ಹಸಿ ಆರುವ ಮೊದಲೇ ಬೀರು ಜಡಿಸಿ, ಗೃಹಪ್ರವೇಶ ಮುಗಿಸುತ್ತೇವೆ.

ಹಾಗಾದರೆ ನಿಮ್ಮ ಬೀರುವಿಗೆ ನೀರು ಬರುತ್ತಿರುವುದು ಎಲ್ಲಿಂದ? ಗೋಡೆಯ ಒಳಗಿನಿಂದಲೋ, ಕೋಣೆಯ ಗಾಳಿಯಿಂದಲೋ? ಇದನ್ನು ತಿಳಿಯದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಒಂದು ಅಡಿ ಚೌಕಕ್ಕೆ ಕತ್ತರಿಸಿ, ಬೀರು ಸರಿಸಿ, ಕಲೆಯ ಪಕ್ಕದ ಗೋಡೆಗೆ ನಾಲ್ಕೂ ಅಂಚನ್ನು ಅಗಲ ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಮೇಲ್ಮೈಗೆ, ನಿಮ್ಮ ಕಡೆಗೆ, ಮಂಜಿನ ಹನಿ ಕೂತಿದ್ದರೆ ನೀರು ಕೋಣೆಯ ಗಾಳಿಯದ್ದು. ಹಾಳೆ ಬಿಚ್ಚಿದಾಗ ಹಿಂಬದಿ ಒದ್ದೆಯಿದ್ದರೆ ಗೋಡೆ ಒಸರುತ್ತಿದೆ. ಎರಡೂ ಕಡೆ ಒದ್ದೆಯಾಗುವುದೂ ಉಂಟು, ನಡು ಮಳೆಗಾಲದಲ್ಲಿ. ಕಲೆಯ ಆಕಾರವೂ ಮಾತಾಡುತ್ತದೆ. ನೆಲದಿಂದ ಮೊಣಕಾಲು, ಸೊಂಟದೆತ್ತರಕ್ಕೆ ಒಂದೇ ಸಮನೆ ಏರಿದ್ದರೆ ಅಡಿಪಾಯದಿಂದ ಜಲ ಏಳುತ್ತಿದೆ. ಮೇಲಿನಿಂದ ಇಳಿದಿದ್ದರೆ ತಾರಸಿ, ಸಜ್ಜಾ. ನಡುಗೋಡೆಯಲ್ಲಿ ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಪೈಪು. ಗೋಡೆಯ ಮೇಲಿನ ಬಿಳಿ ಹುಡಿಯೆಲ್ಲ ಬೂಷ್ಟೂ ಅಲ್ಲ. ಅದರ ಮೇಲೊಂದು ಹನಿ ನೀರು ಬಿಟ್ಟಾಗ ಕರಗಿ ಮಾಯವಾದರೆ ಅದು ಗೋಡೆಯ ಲವಣ, ನೀರು ಹರಿದು ಬಂದಿದೆ ಎಂಬುದಕ್ಕೆ ಸಾಕ್ಷಿ.

ಒಸರುವ ಗೋಡೆಗೆ ಮದ್ದು ಹೊರಗಡೆಯಿಂದಲೇ ಆಗಬೇಕು. ಬಿರುಕು ತುಂಬುವುದು, ಸಜ್ಜಾದ ಕೆಳಂಚಿಗೆ ನೀರು ತೊಟ್ಟಿಕ್ಕುವ ಗೀರು ಬಿಡಿಸುವುದು, ತಾರಸಿಯ ಇಳಿಜಾರು ಸರಿಮಾಡುವುದು, ಪಡುವಣಕ್ಕೆ ತಟ್ಟಿಯ ಬದಲು ಈಗ ತಗಡಿನ ಹೊದಿಕೆ. ಬಚ್ಚಲಾದರೆ ಗ್ರೌಟ್, ಪೈಪು. ಒಳಗಿನಿಂದ ‘ಡ್ಯಾಂಪ್ ಪ್ರೂಫ್’ ಬಣ್ಣ ಬಳಿದು ಕೂರುವುದು ಒಂದೆರಡು ವರ್ಷದ ಮಾತು. ನೀರು ಅದರ ಹಿಂದೆ ನಿಂತು ಬೇರೆಲ್ಲೋ ತಲೆ ಹಾಕುತ್ತದೆ.

ಇನ್ನು ಬಂದ ಬೂಷ್ಟನ್ನು ತೆಗೆಯುವ ಕೆಲಸ. ಇದರಲ್ಲಿ ನಮ್ಮವರು ಮಾಡುವ ದೊಡ್ಡ ಎಡವಟ್ಟು ಒಣ ಬಟ್ಟೆಯಲ್ಲಿ ಕೊಡವುವುದು, ಪೊರಕೆಯಲ್ಲಿ ಗುಡಿಸುವುದು, ಅದೂ ಫ್ಯಾನ್ ತಿರುಗುತ್ತಿರುವಾಗ. ಹಾಗೆ ಕೊಡವಿದ ಬೀಜಕಣ ಇಡೀ ಮನೆಗೆ ಹರಡಿ, ಅರ್ಧ ಕೆಲಸ ಕೊಡವಿದವರ ಮೂಗಿನಲ್ಲೇ ಮುಗಿಯುತ್ತದೆ. ಫ್ಯಾನ್ ಆರಿಸಿ, ಕಿಟಕಿ ತೆಗೆದು, ಕೋಣೆಯ ಬಾಗಿಲು ಎಳೆದುಕೊಂಡು ಶುರುಮಾಡಿ. ಕೊರೋನಾ ಕಾಲದ ಎನ್-95 ಮಾಸ್ಕ್ ಮನೆಯಲ್ಲಿ ಉಳಿದಿದ್ದರೆ ಈಗ ಅದರ ಕೆಲಸ. ಕೈಗೆ ರಬ್ಬರ್ ಗವಸು. ಬಟ್ಟೆಗಳನ್ನು ಬೀರುವಿನ ಬಾಯಲ್ಲೇ ಚೀಲಕ್ಕೆ ತುಂಬಿ, ಕಟ್ಟಿ, ಆಮೇಲೆ ಹೊರಗೆ ಒಯ್ಯಿರಿ. ಹಲಗೆಗಳನ್ನು ಬಟ್ಟೆ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಒಂದು ಸಲ ಒರೆಸಿದ ಬಟ್ಟೆಯ ಮಗ್ಗುಲು ಮತ್ತೆ ಹಲಗೆಗೆ ತಾಗಬಾರದು. ಎರಡನೇ ಸಲ ಶೇಕಡಾ 70ರ ಸ್ಪಿರಿಟ್ ಅಥವಾ ನೀರು ಬೆರೆಸದ ಬಿಳಿ ವಿನೆಗರ್ ಹಚ್ಚಿ ಅರ್ಧ ಗಂಟೆ ಬಿಟ್ಟು ಒರೆಸಿ. ಸ್ಪಿರಿಟ್ ಹಚ್ಚುವಾಗ ಹತ್ತಿರ ದೀಪ, ಬೆಂಕಿ ಬೇಡ. ಆಮೇಲೆ ಟೇಬಲ್ ಫ್ಯಾನನ್ನು ಬೀರುವಿನ ಹೊಟ್ಟೆಗೆ ತಿರುಗಿಸಿ ಎರಡು ದಿನ ಪೂರ್ತಿ ಒಣಗಿಸಿ. ಈ ಒಣಗಿಸುವ ಭಾಗವನ್ನು ಅವಸರ ಮಾಡಿದರೆ ಹಿಂದಿನದ್ದೆಲ್ಲ ವ್ಯರ್ಥ.

ಬ್ಲೀಚ್ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಟೈಲ್ಸಿನಂಥ ನುಣುಪು ಮೈಗೆ ಅದು ಸರಿ. ಮರ, ಪ್ಲೈವುಡ್, ಗಾರೆಯಂಥ ನೀರು ಹೀರುವ ವಸ್ತುವಿನಲ್ಲಿ ಕ್ಲೋರಿನ್ ಮೇಲ್ಮೈಯಲ್ಲೇ ಉಳಿದು ಬಣ್ಣ ಅಳಿಸುತ್ತದೆ. ಅದರ ನೀರು ಒಳಗಿಳಿದು ಆಳದಲ್ಲಿರುವ ಎಳೆಗಳಿಗೆ ಕುಡಿಯಲು ಸಿಗುತ್ತದೆ. ಕಲೆ ಹೋಯಿತೆಂದು ನಾವು ಸಮಾಧಾನಪಡುವಾಗ ಬೂಷ್ಟು ಚೇತರಿಸಿಕೊಳ್ಳುತ್ತಿರುತ್ತದೆ. ಬ್ಲೀಚನ್ನು ವಿನೆಗರ್ ಜೊತೆ ಎಂದೂ, ಯಾವ ಕಾರಣಕ್ಕೂ ಬೆರೆಸಬೇಡಿ. ಕ್ಲೋರಿನ್ ವಿಷಾನಿಲ ಏಳುತ್ತದೆ. ಅಮೋನಿಯ ಇರುವ ಗಾಜು ಒರೆಸುವ ದ್ರವದ ಜೊತೆಗೂ ಕೂಡದು. ಉಬ್ಬಿದ ಪಾರ್ಟಿಕಲ್ ಬೋರ್ಡನ್ನು ಉಳಿಸಲು ಹೆಣಗಬೇಡಿ. ಅದರ ಹೊಟ್ಟೆಯೊಳಗೆಲ್ಲ ಎಳೆ ಹಬ್ಬಿರುತ್ತದೆ, ಬದಲಾಯಿಸುವುದೇ ದಾರಿ. ಕಲೆ ಹತ್ತು ಚದರ ಅಡಿಗಿಂತ ಹೆಚ್ಚು ಹರಡಿದ್ದರೆ ಮನೆಯವರೇ ಕೈ ಹಾಕುವುದಕ್ಕಿಂತ ತಿಳಿದವರನ್ನು ಕರೆಸಿ ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ. ನಮ್ಮ ಮನೆಗಳಿಗೂ ಅದು ಒಳ್ಳೆಯ ಅಳತೆ.

ಬಟ್ಟೆಗಳಲ್ಲಿ ಹತ್ತಿಯದ್ದು ಸುಲಭ. ಬಿಸಿನೀರು, ಸೋಪು, ಬಿಸಿಲು. ಬಿಳಿ ಬಟ್ಟೆಯ ಕಲೆಗೆ ನಿಂಬೆರಸ ಮತ್ತು ಉಪ್ಪು ಹಚ್ಚಿ ಬಿಸಿಲಿಗೆ ಹಾಕುವುದು ಅಜ್ಜಿಯರ ಕಾಲದ ವಿದ್ಯೆ, ಕಲೆ ಹೊಸದಾಗಿದ್ದರೆ ಈಗಲೂ ಕೆಲಸ ಮಾಡುತ್ತದೆ. ರೇಷ್ಮೆಗೆ ಇದಾವುದೂ ಬೇಡ. ಹೊರಗೆ ನೆರಳಿನಲ್ಲಿ, ಗಾಳಿಯಾಡುವ ಕಡೆ ಹರವಿ, ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಬ್ರಷ್ಷಿನಿಂದ ನೂಲಿನ ಓಟದ ಜೊತೆಗೇ ಹಗುರವಾಗಿ ತೆಗೆಯಿರಿ. ಒದ್ದೆ ಇರುವಾಗ ಉಜ್ಜಿದರೆ ಕಲೆ ಒಳಕ್ಕೆ ಇಳಿಯುತ್ತದೆ. ಉಳಿದದ್ದನ್ನು ಡ್ರೈಕ್ಲೀನಿಂಗಿಗೆ ಕೊಡಿ, ಬೂಷ್ಟು ಹಿಡಿದಿತ್ತೆಂದು ಬಾಯಿಬಿಟ್ಟು ಹೇಳಿ ಕೊಡಿ. ವಾಪಸು ಬಂದದ್ದನ್ನು ಅವರು ಕೊಟ್ಟ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇಡುವುದು ಬಹಳ ಮನೆಗಳ ಅಭ್ಯಾಸ. ಒಳಗೆ ಸಿಕ್ಕ ತೇವಕ್ಕೆ ಹೊರಹೋಗಲು ದಾರಿಯಿರುವುದಿಲ್ಲ. ಒಗೆದೂ ಒಗೆದೂ ಮೆತ್ತಗಾದ ಹಳೇ ಪಂಚೆಯ ತುಂಡು ಸೀರೆಗೆ ಅದಕ್ಕಿಂತ ಒಳ್ಳೆಯ ಹೊದಿಕೆ. ಗಂಜಿ ಹಾಕಿದ ಹತ್ತಿ ಸೀರೆಯನ್ನು ಮಳೆಗಾಲಕ್ಕೆ ಎತ್ತಿಡುವ ಮೊದಲು ಗಂಜಿ ಬಿಡಿಸಿ ಒಗೆಯಬೇಕು. ಅರೆಗೆ ಹಾಸುವ ಹಳೇ ಪೇಪರು ತೇವ ಹೀರುತ್ತದೆ ನಿಜ, ತಿಂಗಳುಗಟ್ಟಲೆ ಬದಲಾಯಿಸದಿದ್ದರೆ ಬೂಷ್ಟಿಗೆ ಅದೇ ಹಾಸಿಗೆ.

ಬೀರುವಿಗೆ ನೀರನ್ನು ನಾವೇ ಹೊತ್ತು ಹಾಕುವುದೂ ಉಂಟು. ಮಳೆಗಾಲದಲ್ಲಿ ಜೀನ್ಸ್ ಪ್ಯಾಂಟಿನ ಕಾಲು ಒಣಗಿರುತ್ತದೆ. ಸೊಂಟದ ಪಟ್ಟಿಯನ್ನು, ಜೇಬಿನ ಒಳಚೀಲವನ್ನು ತುಟಿಗೆ ಒತ್ತಿ ನೋಡಿದರೆ ಇನ್ನೂ ತಣ್ಣಗಿರುತ್ತದೆ. ಆ ತಣ್ಣಗೆಂದರೆ ನೀರು. ವಾಷಿಂಗ್ ಮಷೀನಿನಿಂದ ಹಿಂಡಿ ಬಂದ ಐದು ಕಿಲೋ ಬಟ್ಟೆಯಲ್ಲಿ ಎರಡು ಲೀಟರಿಗೂ ಮಿಕ್ಕಿ ನೀರಿರುತ್ತದೆ. ಅದನ್ನು ಮಲಗುವ ಕೋಣೆಯ ಹಗ್ಗಕ್ಕೆ ಹರವಿದರೆ ಅಷ್ಟೂ ಕೋಣೆಯ ಗಾಳಿಗೇ ಸೇರುತ್ತದೆ. ಇಬ್ಬರು ಮಲಗಿ ಏಳುವ ಹೊತ್ತಿಗೆ ಉಸಿರು ಬೆವರಿನಿಂದ ಸೇರುವ ಅರ್ಧ ಲೀಟರಿನಷ್ಟು ಬೇರೆ. ಬಟ್ಟೆ ಒಣಗಿಸಲು ಬೇರೆ ಕೋಣೆ ಇದ್ದವರು ಅಲ್ಲಿಯೇ ಒಣಗಿಸಲಿ. ಇಲ್ಲದವರು ಆ ಹೊತ್ತು ಬೀರುವಿನ ಬಾಗಿಲನ್ನು ಬಿಗಿಯಾಗಿ ಮುಚ್ಚಿಡಲಿ.

ಮಳೆಗಾಲದಲ್ಲಿ ಕಿಟಕಿ ತೆಗೆಯಬೇಕೋ ಬೇಡವೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಜಡಿಮಳೆ ಸುರಿಯುತ್ತಿರುವಾಗ ಹೊರಗಿನ ಗಾಳಿಯಲ್ಲೂ ಒಳಗಿನಷ್ಟೇ ನೀರಿರುತ್ತದೆ. ತೆಗೆದರೆ ಲಾಭವಿಲ್ಲ, ಎರಚಲು ಬಂದೀತು ಅಷ್ಟೆ. ಹೊಳವಾದಾಗ, ನಡುಹಗಲಿನಲ್ಲಿ ಒಂದೆರಡು ಗಂಟೆ ಮೋಡ ಹರಿದು ಬಿಸಿಲು ಇಣುಕಿದಾಗ, ಎಲ್ಲ ಕೆಲಸ ಬಿಟ್ಟು ಕಿಟಕಿ, ಬೀರು ಎರಡನ್ನೂ ತೆರೆದು ಫ್ಯಾನ್ ಹಾಕಬೇಕು. ತೇವ ಮಾಪಕವಿದ್ದರೆ ಹೊಳವು ನಿಜವಾಗಿ ಒಣಗಿದ್ದೋ ಅಲ್ಲವೋ ಅದೇ ಹೇಳುತ್ತದೆ.

ಬೀರುವಿನೊಳಗೆ ಇಡುವ ವಸ್ತುಗಳ ಬಗ್ಗೆ ಭ್ರಮೆ ಬಹಳ. ಕರ್ಪೂರ, ಬೇವಿನ ಎಲೆ, ಲಾವಂಚದ ಬೇರು ವಾಸನೆಗೆ, ಹುಳಕ್ಕೆ ಸರಿ. ಅವು ನೀರು ಹೀರುವುದಿಲ್ಲ. ನುಸಿಗುಳಿಗೆಯೂ ಅಷ್ಟೆ, ಅದು ಹುಳಕ್ಕೆ ಮಾತ್ರ. ನ್ಯಾಫ್ತಲೀನ್ ಗುಳಿಗೆ ಇಟ್ಟ ಬಟ್ಟೆಯನ್ನು ಹಸುಗೂಸಿಗೆ ತೊಡಿಸುವುದು ನಿಜವಾಗಿಯೂ ಅಪಾಯ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದರ ಆವಿ ಕೆಂಪು ರಕ್ತಕಣಗಳನ್ನು ಒಡೆದು, ತೀವ್ರ ಕಾಮಾಲೆಗೆ ಕಾರಣವಾಗಬಲ್ಲದು. ಆ ಕೊರತೆ ಇದೆಯೆಂದು ತಾಯಿತಂದೆಗೆ ಮೊದಲೇ ಗೊತ್ತಿರುವುದು ಅಪರೂಪ. ಕೂಸಿನ ಬಟ್ಟೆ ಇರುವ ಬೀರುವಿಗೆ ಅದು ಬೇಡವೇ ಬೇಡ. ಇದ್ದಿಲು ವಾಸನೆ ಹೀರುತ್ತದೆ, ತೇವ ಅಲ್ಪಸ್ವಲ್ಪ. ಬಟ್ಟಲಲ್ಲಿ ಉಪ್ಪಿಡುವುದು ಗಾಳಿ 75 ದಾಟಿದ ಮೇಲಷ್ಟೇ ಕೆಲಸಕ್ಕೆ ಬರುವಂಥದ್ದು. ಅಂಗಡಿಯಲ್ಲಿ ಸಿಗುವ ತೇವ ಹೀರುವ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್. ಅದು 30ರ ತೇವದಲ್ಲೂ ನೀರು ಎಳೆದುಕೊಳ್ಳುತ್ತದೆ, ಹಾಗಾಗಿ ನಿಜವಾಗಿ ಉಪಯೋಗಿ. ಕೆಳಗೆ ಸೇರುವ ಉಪ್ಪುನೀರು ಸೀರೆಯ ಮೇಲೆ ಚೆಲ್ಲದಂತೆ ನೆಲದ ಅರೆಯಲ್ಲಿ ಇಡಬೇಕು. ಬಾಗಿಲು ಸಡಿಲವಾಗಿರುವ ಬೀರುವಿನಲ್ಲಿ ಅದು ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೊರಟು ಒಂದು ವಾರದಲ್ಲಿ ಸೋಲುತ್ತದೆ.

ಹಳೆಯ ‘ಜೀರೋ ಬಲ್ಬು’ ಬೀರುವಿನ ತಳದಲ್ಲಿ ಉರಿಸಿಡುತ್ತಿದ್ದವರು ಭೌತಶಾಸ್ತ್ರವನ್ನು ಸರಿಯಾಗಿಯೇ ಹಿಡಿದಿದ್ದರು. ಹೆಸರಿಗೆ ಜೀರೋ ಆದರೂ ಅದು ಹದಿನೈದು ವ್ಯಾಟಿನಷ್ಟು ಉರಿಯುತ್ತಿತ್ತು, ಅದರ ಬಹುಪಾಲು ಶಾಖವೇ. ಬೀರುವಿನೊಳಗೆ 24 ಡಿಗ್ರಿಯಲ್ಲಿ 90 ಇದ್ದ ತೇವಾಂಶ, ಒಂದು ಹನಿ ನೀರನ್ನೂ ಹೊರಹಾಕದೆ, ಶಾಖ ನಾಲ್ಕು ಡಿಗ್ರಿ ಏರಿದರೆ ಸಾಕು, 72ಕ್ಕೆ ಇಳಿಯುತ್ತದೆ. ಆದರೆ ಬಟ್ಟೆಯ ನಡುವೆ ಬರಿ ಬಲ್ಬು ಬೆಂಕಿಗೆ ಆಹ್ವಾನ. ಎಲ್ಇಡಿ ಬಲ್ಬಿನಲ್ಲಿ ಆ ಶಾಖವೂ ಇಲ್ಲ. ಈಗ ಈ ಕೆಲಸಕ್ಕೆಂದೇ ಮಾಡಿದ ಕಡಿಮೆ ವ್ಯಾಟಿನ, ಮುಚ್ಚಿದ ಹೀಟರ್ ರಾಡುಗಳಿವೆ. ಕೈಯಲ್ಲಿ ಹಣವಿದ್ದವರಿಗೆ ಡಿಹ್ಯೂಮಿಡಿಫೈಯರ್ ಯಂತ್ರ. 250 ವ್ಯಾಟಿನ ಯಂತ್ರ ದಿನಕ್ಕೆ ಎಂಟು ಗಂಟೆ ನಡೆದರೆ ಎರಡು ಯೂನಿಟ್ ಕರೆಂಟು. ಕೋಣೆಯ ಕಿಟಕಿ ಮುಚ್ಚಿ, ಬೀರುವಿನ ಬಾಗಿಲು ತೆರೆದಿಟ್ಟು ನಡೆಸಿದರೆ ತೊಟ್ಟಿಯಲ್ಲಿ ಸೇರುವ ನೀರನ್ನು ನೋಡಿಯೇ ಮನೆಯವರಿಗೆ ಗೋಡೆಯ ಕಥೆ ಅರ್ಥವಾಗುತ್ತದೆ.

ದುಬೈ, ಮಸ್ಕತ್, ಕುವೈತಿನಲ್ಲಿರುವ ಕರಾವಳಿಯವರು ಮಂಗಳೂರು, ಉಡುಪಿಯ ಫ್ಲ್ಯಾಟುಗಳನ್ನು ಬೀಗ ಹಾಕಿ ಹೋಗಿರುತ್ತಾರೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಆ ಮನೆಗಳಲ್ಲಿ ಗಾಳಿ ಅಲುಗುವುದಿಲ್ಲ. ರಜೆಗೆ ಬಂದವರ ಮೊದಲ ವಾರ ಒರೆಸುವುದರಲ್ಲೇ ಕಳೆಯುತ್ತದೆ. ಹೋಗುವಾಗ ಬೀರುಗಳನ್ನು ಗೋಡೆಯಿಂದ ನಾಲ್ಕು ಬೆರಳು ಸರಿಸಿ, ಬಾಗಿಲುಗಳನ್ನು ತೆರೆದೇ ಬಿಟ್ಟು, ಚರ್ಮದ್ದು, ರೇಷ್ಮೆಯದ್ದು ಏನಿದ್ದರೂ ವಾಸವಿರುವ ನೆಂಟರ ಮನೆಯಲ್ಲಿಟ್ಟು, ಹೊಳವಿನ ದಿನ ಬಂದು ಕಿಟಕಿ ತೆಗೆಯಲು ಯಾರಿಗಾದರೂ ಹೇಳಿ ಹೋದರೆ ಅರ್ಧ ತೊಂದರೆ ತಪ್ಪುತ್ತದೆ.

ಬೂಷ್ಟಿನಿಂದ ಆರೋಗ್ಯಕ್ಕೆ ಏನಾಗುತ್ತದೆ ಎಂಬುದನ್ನು ಹಗುರವಾಗಿ ನೋಡುವುದೂ ತಪ್ಪು, ಹೆದರಿ ನಡುಗುವುದೂ ತಪ್ಪು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿ, ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಸಿರಾಟದ ತೊಂದರೆ, ಆಸ್ತಮಾ ಹೆಚ್ಚೆಂದು ಸ್ಪಷ್ಟವಾಗಿ ಹೇಳಿದೆ. ಮಗು ಹಾಸಿಗೆಯಲ್ಲಿ ಮಾತ್ರ ಕೆಮ್ಮುತ್ತಿದ್ದರೆ, ಊರಿಗೆ ಹೋದಾಗ ಕಡಿಮೆಯಾಗಿ ಬಂದೊಡನೆ ಮರುಕಳಿಸಿದರೆ, ಔಷಧದ ಜೊತೆಗೆ ಆ ಕೋಣೆಯ ಬೀರುವಿನ ಹಿಂದೆಯೂ ಒಮ್ಮೆ ನೋಡಬೇಕು. ಬೂಷ್ಟು ಸತ್ತರೂ ಅದರ ಕಣಗಳು ಅಲರ್ಜಿ ತರಬಲ್ಲವು, ಆದ್ದರಿಂದ ಮದ್ದು ಸಿಂಪಡಿಸಿ ಬಿಟ್ಟರೆ ಸಾಲದು, ಒರೆಸಿ ತೆಗೆಯಲೇಬೇಕು. 2021ರಲ್ಲಿ ಕೊರೋನಾದ ಎರಡನೇ ಅಲೆಯಲ್ಲಿ ಕೇಳಿದ ‘ಕಪ್ಪು ಶಿಲೀಂಧ್ರ’ದ ನೆನಪಿನಿಂದ ಬೀರುವಿನ ಕಪ್ಪು ಕಲೆ ಕಂಡು ಬೆಚ್ಚಿಬೀಳುವವರಿದ್ದಾರೆ. ಆ ಮ್ಯೂಕರ್‌ಮೈಕೋಸಿಸ್ ಬೇರೆ ಗುಂಪಿನ ಶಿಲೀಂಧ್ರದಿಂದ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಸ್ಟೆರಾಯ್ಡ್ ಬಳಕೆಯಂಥ ಕಾರಣಗಳಿಂದ ಮೈ ಸೋತವರಿಗೆ ಅಂಟಿದ ಕಾಯಿಲೆ. ಗೋಡೆಯ ಕಲೆ ಕಪ್ಪಿದೆ ಎಂಬುದರಿಂದ ಅದು ಯಾವ ಜಾತಿಯದ್ದೆಂದು ಹೇಳಲಾಗುವುದಿಲ್ಲ. ಬಣ್ಣ ಯಾವುದಿದ್ದರೂ ತೆಗೆಯುವ ವಿಧಾನ ಒಂದೇ.

ಮನೆ ಕಟ್ಟಿಸುವವರಿಗೆ ನನ್ನದು ಕಳಕಳಿಯ ಕೋರಿಕೆ. ನಕ್ಷೆ ಬಿಡಿಸುವ ದಿನವೇ ಬೀರುವಿನ ಜಾಗ ಕೇಳಿ. ಒಳಗೋಡೆಗೆ ಬರಲಿ, ಪಡುವಣ ಹೊರಗೋಡೆಗೆ ಬೇಡ, ಬಚ್ಚಲ ಗೋಡೆಗಂತೂ ಬೇಡವೇ ಬೇಡ. ಗೋಡೆಗೂ ಬೆನ್ನುಹಲಗೆಗೂ ನಡುವೆ ಎರಡು ಇಂಚು ಬಿಡಿಸಿ. ಕೆಳಗೂ ಮೇಲೂ ಗಾಳಿ ಹೋಗಿ ಬರಲು ಜಾಲರಿ ಕೊಡಿಸಿ. ಪ್ಲೈವುಡ್ ಕೊಳ್ಳುವಾಗ ಹಲಗೆಯ ಮೇಲಿನ ಮುದ್ರೆ ಓದಿ: ಐಎಸ್ 303 ಎಂದಿದ್ದರೆ ಸಾಮಾನ್ಯ ಬಳಕೆಯದ್ದು, ಐಎಸ್ 710 ಎಂದಿದ್ದರೆ ನೀರು ತಡೆಯುವ ಮೆರೈನ್ ಪ್ಲೈ. ಇಡೀ ಬೀರುವಿಗೆ ದುಬಾರಿಯಾದರೆ ಬೆನ್ನಿಗೆ, ತಳಕ್ಕಾದರೂ 710 ಹಾಕಿಸಿ. ಹಲಗೆಯ ಹಿಂಬದಿ ಯಾರಿಗೂ ಕಾಣುವುದಿಲ್ಲವೆಂದು ಬಡಗಿ ಬಣ್ಣ ಹಚ್ಚದೆ ಬಿಡುತ್ತಾನೆ. ಅಲ್ಲಿಗೇ ಎರಡು ಕೋಟು ಹೆಚ್ಚು ಬೇಕು.

ಬಾಡಿಗೆಯವರ ಕೈಯಲ್ಲಿ ಗೋಡೆ ಇಲ್ಲ. ಮನೆ ನೋಡಲು ಹೋಗುವುದು ಹೆಚ್ಚಾಗಿ ಮೇ ತಿಂಗಳಲ್ಲಿ, ಶಾಲೆ ಶುರುವಾಗುವ ಮೊದಲು, ಹೊಸ ಸುಣ್ಣಬಣ್ಣದ ವಾಸನೆಯ ನಡುವೆ. ಆಗ ಬೀರುವಿನ ಬಾಗಿಲು ತೆರೆದು, ಕೆಳ ಅರೆಗೆ ಬಗ್ಗಿ, ಬೆನ್ನುಹಲಗೆಯ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ, ಹೊಸ ಬಣ್ಣದಡಿ ಗುಳ್ಳೆ ಸಿಕ್ಕಿದರೆ, ಅಲ್ಲೇ ಮಾಲೀಕರನ್ನು ಕರೆದು ತೋರಿಸಿ. ಫೋಟೋ ತೆಗೆದುಕೊಳ್ಳಿ. ಗೋಡೆಯಿಂದ ಬರುವ ತೇವದ ದುರಸ್ತಿ ಮಾಲೀಕರದ್ದೆಂದು ಕರಾರುಪತ್ರದಲ್ಲಿ ಒಂದು ಸಾಲು ಬರೆಸಿ. ಮುಂಗಡ ಕೊಡುವ ಮೊದಲೇ ಬರೆಸಿ.